ನೀಲಗಿರಿ ಕಷಾಯ

ಚನ್ನಲಿಂಗಪ್ಪನ ಹಿಪ್ಪುನೇರಳೆ ತೋಟದಲ್ಲಿ ಕಳೆ ಕೀಳಲು ಆಳು ಸಿಕ್ಕಿರಲಿಲ್ಲ. ಸಾತನೂರು ಬಸ್ ನಿಲ್ದಾಣದಲ್ಲಿ ಅವನು ರೇಷ್ಮೆ ನೂಲು ತೆಗೆಯುವ ಸಮೀವುಲ್ಲಾನಿಗೆ ಇದನ್ನೇ ಹೇಳುತ್ತಿದ್ದ.

“ಕಳೆಗೆ ಔಷಧಿ ಹೊಡುದ್ರೆ ರೇಷ್ಮೆಹುಳ ಸಾಯ್ತವೆ ಅಂತ ನೀಲಗಿರಿ ಸೊಪ್ಪು ಬೇಯ್ಸಿ ಹೊಡುದ್ಬುಟ್ಟೆ.”

“ಹಿಪ್ಪುನೇರಳೆ ಸೊಪ್ಪಿಗೂ ಬಿತ್ತಾ?”

“ಗಾಳಿ ಇತ್ತು, ತೋಟಕ್ಕೆಲ್ಲಾ ಬಿತ್ತು. ಕೆಮಿಕಲ್ ಅಲ್ವಲ್ಲ ಅಂತ ಅದೇ ಸೊಪ್ಪು ಹುಳಕ್ಕೆ ಹಾಕ್ದೆ. ನೆಗಡಿ ಬಂದ್ರೆ ನಾವೂ ನೀಲಗಿರಿ ಎಣ್ಣೆ ಹಚ್ಕೊಳ್ಳಲ್ವಾ?”

“ನಿನ್ ಹುಳಕ್ಕೆ ನೆಗಡಿ ಬಂದಿತ್ತೇನಣ್ಣ?”

“ನಗ್ಬ್ಯಾಡ ಕಣಯ್ಯಾ. ಆ ಸೊಪ್ಪು ಬಾಯಿಗೇ ಇಕ್ಕಲಿಲ್ಲ. ಉಪ್ವಾಸ ಬಿದ್ದು ಸತ್ವು.”

“ಹಂಗಾದ್ರೆ ಈ ಸಲ ರೇಷ್ಮೆಗೂಡಿಲ್ಲ. ಕಳೆನಾದ್ರೂ ಹೋಯ್ತಾ?”

ಕನಕಪುರದ ಬಸ್ಸು ಬಂತು. ಚನ್ನಲಿಂಗಪ್ಪ ಮೆಟ್ಟಿಲು ಹತ್ತುತ್ತಲೇ ಲೆಕ್ಕ ಒಪ್ಪಿಸಿದ:

“ಹುಳ ಹದಿನಾರು ತಟ್ಟೆ ಹೋಯ್ತು. ಕಳೆ ಒಂದು ಕಡ್ಡೀನೂ ಹೋಗ್ಲಿಲ್ಲ.”