ಅಂಗಳದಂಥ ಹೊಲ

“ಇಷ್ಟು ಮಳಿ ಬಿತ್ತಲ್ಲ, ನೀರೆಲ್ಲ ಎಲ್ಲಿ ಹೋತು?”

ಹಾಗೆ ಕೇಳಿದವನು ಒಬ್ಬ ಶ್ರೀಮಂತ. ಕೇಳಿದ್ದು ಯಾರನ್ನು? ಯಾರನ್ನೂ ಅಲ್ಲ. ನೂರು ಎಕರೆ ಎರೆಭೂಮಿಯ ನಡುವೆ ಅವನೊಬ್ಬನೇ ನಿಂತಿದ್ದ. ಊರು ಯಾವುದಾದರೂ ಆಗಲಿ, ಜನ ಅವನನ್ನು ಸಾವ್ಕಾರ ಅನ್ನುತ್ತಿದ್ದರು, ನಾವೂ ಹಾಗೇ ಅನ್ನೋಣ. ಹಿಂದಿನ ದಿನ ತಾಸುಗಟ್ಟಲೆ ಮಳೆ ಸುರಿದಿತ್ತು. ಕಾಲಿನ ಹೆಬ್ಬೆರಳಿನಿಂದ ಕೆದರಿ ನೋಡಿದ. ಎರಡು ಬೆರಳಿನ ಕೆಳಗೆ ಮಣ್ಣು ಒಣಗಿಕೊಂಡೇ ಇತ್ತು. ಬಿತ್ತಿದ ತೊಗರಿ ಮೊಳಕೆಯಲ್ಲೇ ಬಾಡುತ್ತಿತ್ತು.

ಬದುವಿನ ಆಚೆ ನೀಲವ್ವನ ಎರಡು ಎಕರೆ. ಅಲ್ಲಿ ಕೈ ಊರಿದರೆ ಮಣಿಕಟ್ಟಿನವರೆಗೂ ತಂಪು. ಅದೇ ಮೋಡ, ಅದೇ ಮಳೆ, ನಡುವೆ ಒಂದು ಬದು. ನೋಡಿ ಭಕ್ತರೇ, ದೇವರು ಭೇದ ಮಾಡಿದನೇ?

ಸಾವ್ಕಾರನಿಗೆ ದುಶ್ಚಟವಿರಲಿಲ್ಲ. ಪೂಜೆಯಾಗದೆ ತುತ್ತು ಮುಟ್ಟುವವನಲ್ಲ. ಅವನಿಗಿದ್ದದ್ದು ಒಂದೇ ಹಟ: ಹೊಲ ಅಂಗಳದ ಹಾಗೆ ಚೊಕ್ಕಟವಾಗಿರಬೇಕು. ತೊಗರಿ ಕೊಯ್ದ ಮರುದಿನವೇ ಉದುರಿದ ಎಲೆ, ಕಡ್ಡಿ, ಹೊಟ್ಟು ಎಲ್ಲ ಗುಡಿಸಿ ರಾಶಿ ಹಾಕಿಸಿ ಬೆಂಕಿ ಇಡಿಸುತ್ತಿದ್ದ. ಬದುವಿನ ಹುಲ್ಲಿಗೂ ಬೆಂಕಿ. ಸುಟ್ಟಾದ ಮೇಲೆ ಹೊಲದ ಅಂಚಿಗೆ ನಿಂತು ಕೈಮುಗಿಯುತ್ತಿದ್ದ. ನೀಲವ್ವ ಎದುರಾದರೆ ಒಂದು ಮಾತು ತಪ್ಪದು: “ಏನ್ ನೀಲವ್ವ, ನಿಂದು ಹೊಲಾನೋ ತಿಪ್ಪಿನೋ?”

“ತಿಪ್ಪಿನ ರೀ ಸಾವ್ಕಾರ್ರ,” ಅನ್ನುತ್ತಿದ್ದಳು ಆಕೆ. “ನಮ್ಮ ಎರೆಹುಳಕ್ಕ ಅದ ಅರಮನಿ.”

ಆ ವರ್ಷ ಅವನ ತೊಗರಿ ಮೊಳಕಾಲು ದಾಟಲಿಲ್ಲ. ಹೀಗೇ ಬಿಟ್ಟರೆ ಹೊಲ ಬೀಳು ಬೀಳುತ್ತದೆ, ಕುರಿ ತರುಬಿಸು, ಹಿಂಡು ಹೊಲದಲ್ಲೇ ತಂಗಿದರೆ ಹಿಕ್ಕೆ, ಗಂಜಲ ಬಿದ್ದು ಮಣ್ಣಿಗೆ ಜೀವ ಬರುತ್ತದೆ ಎಂದು ಹಿರಿಯರು ಹೇಳಿದರು. ಸರಿ. ಎಂದಿನಂತೆ ಎಲ್ಲ ಸುಡಿಸಿ, ಹೊಗೆ ವಾಸನೆಯ ಅಂಗಿಯಲ್ಲೇ ಕುರಿಗಾರ ಮಾಳಪ್ಪನ ಹತ್ತಿರ ಹೋದ.

“ಮಾಳಪ್ಪ, ಹದಿನೈದು ದಿನ ನಮ್ಮ ಹೊಲದಾಗ ಹಿಂಡು ತರುಬು. ನೀಲವ್ವ ಎಷ್ಟು ಜೋಳ ಕೊಡ್ತಾಳ, ಅದರ ಎರಡು ಪಟ್ಟು ಕೊಡ್ತೀನಿ.”

“ಜೋಳ ನಾ ತಿಂತೀನ್ರಿ. ನನ್ನ ಕುರಿ ಏನ್ ತಿನ್ನಬೇಕು? ಬೂದಿ?”

“ಹೊಲ ಕನ್ನಡಿ ಹಂಗ ಐತಲ್ಲೋ.”

“ಕನ್ನಡಿ ತಗೊಂಡು ಕುರಿ ಏನ್ ಮಾಡ್ತಾವ್ರಿ, ಮಾರಿ ನೋಡ್ಕೊತಾವೇನು?” ಅಂದ ಮಾಳಪ್ಪ, ಹಿಂಡನ್ನು ನೀಲವ್ವನ ಹೊಲದ ಕಡೆ ತಿರುಗಿಸಿದ.

ಸಾವ್ಕಾರ ದಾರಿಯಲ್ಲೇ ನಿಂತುಬಿಟ್ಟ. ಇಷ್ಟು ವರ್ಷ ಕಸವೆಂದು ಸುಡಿಸಿದ್ದು ಕುರಿಯ ಮೇವು, ಮಣ್ಣಿನ ಊಟ, ಮಳೆನೀರು ಹಿಡಿದಿಡುವ ಹೊದಿಕೆ. ಎಡೆಗೆ ಬೆಂಕಿ ಇಟ್ಟು ಪ್ರಸಾದ ಎಲ್ಲಿ ಎಂದು ಹುಡುಕಿದ ಹಾಗಾಯಿತಲ್ಲ ತನ್ನ ಬಾಳು, ಅಂದುಕೊಂಡ.

ನಗಬೇಡಿ. ಆ ಸಾವ್ಕಾರ ಇಲ್ಲೇ ಕುಳಿತಿದ್ದಾನೆ, ನಿಮ್ಮ ಪಕ್ಕದಲ್ಲೇ ಕುಳಿತಿದ್ದಾನೆ. ನಿನ್ನೆ ಬೇವಿನೆಲೆ ಗುಡಿಸಿ ಬಾಗಿಲ ಮುಂದೆ ಸುಟ್ಟವರು ಯಾರು? ಈ ಮಠದ ಹಿತ್ತಿಲಲ್ಲೂ ಮೊನ್ನೆ ಮೊನ್ನೆಯವರೆಗೆ ಅದೇ ಹೊಗೆ ಏಳುತ್ತಿತ್ತು, ಮುಚ್ಚಿಡುವುದೇಕೆ? ಇನ್ನು ಸಾಕು. ಕೊಯ್ಲಾದ ಮೇಲೆ ಎಲೆ, ಹೊಟ್ಟು ಹೊಲದಲ್ಲೇ ಇರಲಿ. ಬದುವಿನ ಹುಲ್ಲು ಬದುವಿನಲ್ಲೇ ಇರಲಿ, ಓಡುವ ನೀರನ್ನು ಹಿಡಿದು ನಿಲ್ಲಿಸುವುದು ಅದು. ಮನೆಯ ಕಸ ಗುಂಡಿ ಸೇರಲಿ, ಕೊಳೆಯಲಿ, ಮಣ್ಣಿಗೆ ಮರಳಲಿ. ಅಂಗಳ ಗುಡಿಸಿ ತಾಯಂದಿರೇ, ಬೇಡ ಅಂದವರಾರು? ಭೂಮಿತಾಯಿಯ ಮೈಮೇಲಿನ ಸೆರಗನ್ನು ಮಾತ್ರ ಎಳೆಯಬೇಡಿ. ಸುಡುವ ಕೈ ಒಮ್ಮೆ ತಡೆಯಲಿ. ಆ ತಡೆಯುವುದೂ ಒಂದು ಪೂಜೆಯೇ.

ಕಷ್ಟ, ಗೊತ್ತು. ಸಾವ್ಕಾರನಿಗೂ ಕಷ್ಟವಾಯಿತು. ಮರುವರ್ಷ ಕೊಯ್ಲಿನ ಮಾರನೆಯ ದಿನ ಅವನು ಹೊಲಕ್ಕೆ ಬರುವಷ್ಟರಲ್ಲಿ ಹಳೆಯ ಆಳು ರೂಢಿಯಂತೆ ಒಂದು ಮೂಲೆ ಗುಡಿಸಿ ರಾಶಿ ಮಾಡಿದ್ದ. ಉಳಿದ ಹೊಲದ ತುಂಬ ಎಲೆಯೋ ಎಲೆ. ಸಾವ್ಕಾರನ ಕಣ್ಣಿಗೆ ಅದು ಚುಚ್ಚುತ್ತಿತ್ತು. ಅಭ್ಯಾಸಬಲದಿಂದ ಕೈ ಜೇಬಿಗೆ ಹೋಯಿತು.

“ಸಾವ್ಕಾರ್ರ, ಕಡ್ಡಿಪೆಟ್ಟಿಗಿ ಕೊಡ್ರಿ,” ಎಂದು ಆಳು ಅಂಗೈ ಚಾಚಿದ.

ಸಾವ್ಕಾರ ಜೇಬಿನೊಳಗೇ ಮುಷ್ಟಿ ಬಿಗಿಹಿಡಿದ. ಬದುವಿನ ಆಚೆ ನೀಲವ್ವನ ಹೊಲದಲ್ಲಿ ಕುರಿಗಳು ಎಲೆ ಮೇಯುತ್ತಿದ್ದವು.

“ಕೊಡಂಗಿಲ್ಲ,” ಅಂದ.