ಹೊರಹೋದ ಸಮಯ

ಲೈಟು ಇರಲಿ ಬಿಡಿ, ಆರಿಸಬೇಡಿ. ಇದು ಕಟ್ಟುಕತೆಯಲ್ಲ. ಕರಜಗಿಯಲ್ಲಿ ನಮ್ಮ ಪಕ್ಕದ ಮನೆಯ ಮೆಹನಾಜಳಿಗೆ ಹೋದ ವರ್ಷ ಆದದ್ದು. ಅವಳು ಸುಳ್ಳು ಹೇಳುವವಳಲ್ಲ. ಹೇಳಿದ್ದು ಎರಡೇ ಸಲ... ಎರಡೂ ಇದರಲ್ಲೇ ಬರುತ್ತವೆ.

ಅವತ್ತು ಅವಳು ಕೆಲಸ ಮುಗಿಸಿ ಹೊರಟಾಗ ರಾತ್ರಿ ಒಂಬತ್ತು ದಾಟಿತ್ತು. ಕೊನೆಯ ಟಂಟಂ ಆಟೋ ಹೋಗಿಬಿಟ್ಟಿತ್ತು. ನಡೆದೇ ಬರುತ್ತಿದ್ದಳು. ಎರಡೂ ಕಡೆ ಕಬ್ಬು. ಹಾಳು ಬಾವಿಯ ಹತ್ತಿರ ಬಂದಾಗ ಏನೋ ಕೇಳಿಸಿತು. ಕಬ್ಬಿನ ಗರಿಯ ಸದ್ದಲ್ಲ. ಗಾಜಿನ ಬಳೆ ಕಲ್ಲಿಗೆ ತಾಗಿದ ಸದ್ದು. ಕಿಣ್... ಸ್ವಲ್ಪ ಬಿಟ್ಟು ಮತ್ತೆ ಕಿಣ್.

ಬಾವಿಯ ಕಟ್ಟೆಯ ಮೇಲೆ ಒಬ್ಬ ಹೆಂಗಸು ಕೂತಿದ್ದಳು.

"ಮೆಹನಾಜ... ನಮ್ಮ ಮನಿಯವ್ರನ್ನ ಯಾವಾಗ ಬಿಡ್ತೀ ಬೇ?"

ದನಿಯ ಗುರುತು ಹತ್ತಿತು. ಹಿಂದಿನ ಓಣಿಯ ಸುಲ್ತಾನಬಿ. ಆಕೆಯ ಗಂಡ ಲಾಡ್ಲೆಸಾಬ ತೀರಿಕೊಂಡು ನಾಲ್ಕು ವರ್ಷ. ಸುಲ್ತಾನಬಿ ತೀರಿಕೊಂಡು ಎರಡು.

"ಖಾಲಾ... ನಾ ಎಲ್ಲಿ ಹಿಡದಿಟ್ಟೇನಿ ಅವರನ್ನ?"

"ಮೂರು ದಿನ ಆತು. ನೀನ ಹೆಸರ ಬರದು ಒಳಗ ಕರದಿ. ಹೊರಗ ಬಿಡಾಕ ಒಲ್ಲಿ." ಕಿಣ್... "ನಿಮ್ಮ ಅಬ್ಬಾನೂ ಅಲ್ಲೇ ಕುಂತಾರ. ಖಬರಸ್ತಾನದಾಗ ಅವರ ಜಾಗಾ ಖಾಲಿ ಬಿದ್ದೈತಿ."

ಮೆಹನಾಜಳಿಗೆ ಆಗ ಹೊಳೆಯಿತು. ರಿಜಿಸ್ಟರು!

ಆ ರಿಜಿಸ್ಟರಿನ ಸುದ್ದಿ ಹೇಳಬೇಕಾದರೆ ಮೊದಲು ನಂದಕಿಶೋರನ ಸುದ್ದಿ ಹೇಳಬೇಕು. ಹೇಳಲಿಕ್ಕೂ ಹೇಸಿಗೆ ನನಗೆ. ಯಾವುದೋ ಒಂದು ವಿಶ್ವವಿದ್ಯಾಲಯ, ಹೆಸರು ಬೇಡ, ಅಫಜಲಪುರದ ರಸ್ತೆಗೆ ಹೊಲದ ನಡುವೆ ಯುರೋಪ್ ಅಧ್ಯಯನ ಕೇಂದ್ರ ಅಂತ ಒಂದು ಕಟ್ಟಡ ಎಬ್ಬಿಸಿತ್ತು. ಅದಕ್ಕೆ ನಿರ್ದೇಶಕ ಈ ಡಾಕ್ಟರ್ ನಂದಕಿಶೋರ. ಯುರೋಪಿಗೆ ಹೋಗಿದ್ದು ಒಂದೇ ಸಲ, ಹನ್ನೊಂದು ದಿನ. ಆ ಹನ್ನೊಂದು ದಿನವನ್ನೇ ಇಷ್ಟು ವರ್ಷ ಉಂಡು ತೇಗುತ್ತಿದ್ದಾನೆ. ಮೇ ತಿಂಗಳ ಬಿಸಿಲಲ್ಲೂ ಉಣ್ಣೆಯ ಕೋಟು! ಓದುವ ಕೋಣೆಯ ಗೋಡೆಗೆ ಮೂರು ಗಡಿಯಾರ: ಪ್ಯಾರಿಸ್, ಬರ್ಲಿನ್, ಬ್ರಸೆಲ್ಸ್. ಮೂರೂ ಊರಿಗೆ ಸಮಯ ಒಂದೇ ಅನ್ನುವುದೂ ಆ ಪಂಡಿತನಿಗೆ ಗೊತ್ತಿರಲಿಲ್ಲ. ಬೇರೆ ಬೇರೆ ಕಾಣಲಿ ಅಂತ ತಾನೇ ಮುಳ್ಳು ತಿರುವಿಟ್ಟಿದ್ದ.

ಓದುವವರು ಒಬ್ಬರೂ ಬರುತ್ತಿರಲಿಲ್ಲ. ಹೊಲದವರು ಕುಡಿಯಲು ನೀರು ಕೇಳಿ ಬಂದರೆ ವಾಚಮನ್‌ಗೆ ಹೇಳಿ ಓಡಿಸುತ್ತಿದ್ದ. ಹೆಬ್ಬೆಟ್ಟಿನ ಜನಕ್ಕೆ ಇಲ್ಲೇನು ಕೆಲಸ ಅಂತ ಆಫೀಸಿನಲ್ಲಿ ಸ್ಟ್ಯಾಂಪ್ ಪ್ಯಾಡು ಕೂಡ ಇಡಗೊಟ್ಟಿರಲಿಲ್ಲ. ಅಂಥವನಿಗೆ ತಪಾಸಣೆ ಸಮಿತಿ ಬರುತ್ತದೆ ಅಂತ ಗೊತ್ತಾಯಿತು. ಗುತ್ತಿಗೆಯ ಮೇಲೆ ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ಮೆಹನಾಜಳನ್ನು ಕರೆಸಿದ.

"ರಿಜಿಸ್ಟರಿನಲ್ಲಿ ಇಪ್ಪತ್ತೆರಡು ಓದುಗರ ಹೆಸರು ಬರಿ. ಒಳಬಂದ ಸಮಯ ಹಾಕು. ಹೊರಹೋದ ಸಮಯ ಖಾಲಿ ಬಿಡು. ಯುರೋಪಿನಲ್ಲಿ ಓದುಗರು ಸುಮ್ಮಸುಮ್ಮನೆ ಮನೆಗೆ ಎದ್ದು ಹೋಗೋದಿಲ್ಲ, ತಿಳೀತಾ?"

"ಸರ್, ಯಾರ ಹೆಸರ ಬರೀಲ್ರಿ?"

"ನಿಮ್ಮೂರಲ್ಲಿ ಜನ ಇಲ್ವಾ? ಕೆಳಗೆ ನಾನು ಸಹಿ ಮಾಡ್ತೀನಿ. ಆಮೇಲೆ ಒಂದು ಗೆರೆ ಎಳೆದರೂ ನಿನ್ನ ಗುತ್ತಿಗೆ ಮುಗೀತು."

ತಾಯಿ ಖಾಸೀಂಬಿಯ ಔಷಧಿ ಆ ಸಂಬಳದಲ್ಲೇ ಬರುತ್ತಿತ್ತು. ಮೆಹನಾಜ ಬರೆದಳು. ಬದುಕಿದ್ದವರ ಹೆಸರು ಹಾಕಿದರೆ ಸಮಿತಿಯವರು ಕರೆದು ಕೇಳಿಯಾರು. ಸತ್ತವರನ್ನು ಯಾರು ಕೇಳುತ್ತಾರೆ? ಊರಲ್ಲಿ ತೀರಿಹೋದವರನ್ನೆಲ್ಲ ನೆನೆಸಿ ನೆನೆಸಿ ಬರೆದಳು. ಮೊದಲ ಹೆಸರು ಅಬ್ಬಾನದು, ಇಮಾಮಸಾಬ. ಕಬ್ಬು ಕಡಿದು ಕಡಿದು ಮಗಳನ್ನು ಎಂ.ಎ.ವರೆಗೆ ಓದಿಸಿದವನು. ಎಡಗೈ ಹೆಬ್ಬೆರಳು ಅರ್ಧ ಕೊಯ್ತಾ ಕತ್ತಿಗೆ ಹೋಗಿತ್ತು. ಕಾಲೇಜಿಗೆ ಬುತ್ತಿ ತಂದಾಗಲೂ ಮೆಟ್ಟಿಲ ಮೇಲೇ ಕೂರುತ್ತಿದ್ದ, ಒಳಗೆ ಕಾಲಿಡುತ್ತಿರಲಿಲ್ಲ. ಹೆಸರಾದರೂ ಒಳಗೆ ಹೋಗಲಿ ಅನ್ನಿಸಿತ್ತು ಅವಳಿಗೆ.

ಹಾಗಾಗಿ ಆ ರಾತ್ರಿ ಅವಳು ಮನೆಗೆ ಓಡಲಿಲ್ಲ. ಬಾವಿಯಿಂದ ತಿರುಗಿ ಕೇಂದ್ರಕ್ಕೇ ಬಂದಳು. ಬೆಳಗಾದರೆ ಸಮಿತಿ. ಕೀಲಿಕೈ ಅವಳ ಹತ್ತಿರವೇ ಇತ್ತು. ಬೀಗ ಖಟ್ ಅಂದಿತು.

ಕರೆಂಟಿರಲಿಲ್ಲ. ಮೊದಲು ಬೀಡಿಯ ವಾಸನೆ ಬಂತು. ಆಮೇಲೆ ಹಾಳೆ ತಿರುವುವ ಸದ್ದು. ಸರ್... ಸರ್... ಒಂದು ಖುರ್ಚಿಯಿಂದಲ್ಲ. ಕೋಣೆಯ ತುಂಬ. ಯಾರೋ ಮೆಲ್ಲಗೆ ಕೆಮ್ಮಿದರು. ಆ ಕೆಮ್ಮು ಅವಳಿಗೆ ಗೊತ್ತಿತ್ತು.

ಮೊಬೈಲಿನ ಬೆಳಕನ್ನು ರಿಜಿಸ್ಟರಿನ ಮೇಲಷ್ಟೇ ಹಿಡಿದಳು. ಮೇಲೆ ಎತ್ತಲಿಲ್ಲ. ಲಾಡ್ಲೆಸಾಬನ ಮುಂದೆ ಹೊರಹೋದ ಸಮಯ ಬರೆದಳು. ಖುರ್ಚಿ ಕಿರ್ರ್ ಅಂತ ಹಿಂದೆ ಸರಿಯಿತು. ಬರಿಗಾಲು ಪಟ್... ಪಟ್... ಅವಳ ಬೆನ್ನ ಹಿಂದೆಯೇ ಹಾದು ಬಾಗಿಲಾಚೆ ಹೋಯಿತು. ಇನ್ನೊಂದು ಹೆಸರು. ಮತ್ತೆ ಕಿರ್ರ್. ಹೀಗೆ ಇಪ್ಪತ್ತೊಂದು ಸಲ. ಉಳಿದದ್ದು ಮೊದಲ ಸಾಲು.

ಪೆನ್ನು ನಿಂತಿತು.

"ಅಬ್ಬಾ... ಹೋಗ್ರಿ ಇನ್ನ."

"ಇನ್ನೊಂದೀಟು ಕುಂದರ್ತೇನಿ ಬೇಟಾ. ಚಿತ್ರ ಚಲೋ ಅದಾವು." ಸರ್... "ಇಲ್ಲಿ ನಮ್ಮಂಥವ್ರನ್ನೂ ಒಳಗ ಬಿಡ್ತಾರೇನು?"

ನೀರು ಕೇಳಿದವರನ್ನು ಅಟ್ಟುವ ಜಾಗ ಅದು.

"ಬಿಡ್ತಾರ್ರಿ ಅಬ್ಬಾ... ಎಲ್ಲಾರನ್ನೂ ಬಿಡ್ತಾರ."

"ಹಂಗಾರ ಚಲೋ ಆತು. ಬರಿ."

ಹನ್ನೊಂದು ನಲವತ್ತು ಅಂತ ಬರೆದಳು. ಗೋಡೆಯ ಗಡಿಯಾರದ್ದಲ್ಲ, ನಮ್ಮ ಸಮಯ. ಖುರ್ಚಿ ಕಿರ್ರ್ ಅಂದಿತು. ತಲೆಯ ಮೇಲೆ ಒಮ್ಮೆ ತಣ್ಣಗಾಯಿತು, ಅಷ್ಟೇ. ಬಾಗಿಲ ಹತ್ತಿರ ಕೆಮ್ಮು ಕೇಳಿಸಿತು. ಆಮೇಲೆ ಏನೂ ಇಲ್ಲ.

ಬೆಳಿಗ್ಗೆ ನಂದಕಿಶೋರ ರಿಜಿಸ್ಟರು ತೆಗೆದು ನೋಡಿದ. ಅದನ್ನು ಅವಳ ಮುಖಕ್ಕೇ ಎಸೆದು, ಎತ್ತಿಕೊಂಡು ನಡಿ, ನಾಳೆಯಿಂದ ಬರಬೇಡ ಅಂದ. ಸಮಿತಿಯವರಾದರೂ ಏನು ನೋಡಿದರು? ಮೂರು ಗಡಿಯಾರದ ಕೆಳಗೆ ನಿಂತು ಫೋಟೋ ಹೊಡೆಸಿಕೊಂಡರು, ಹೋಳಿಗೆ ಉಂಡರು, ಹೋದರು. ರಿಜಿಸ್ಟರು ಎಲ್ಲಿ ಅಂತ ಒಬ್ಬನೂ ಕೇಳಲಿಲ್ಲ. ಆ ಕೋಟಿನವನು ಈಗಲೂ ಅದೇ ಖುರ್ಚಿಯಲ್ಲಿದ್ದಾನೆ. ಮೆಹನಾಜ ಅಫಜಲಪುರದ ಝೆರಾಕ್ಸ್ ಅಂಗಡಿಯಲ್ಲಿ ಕೂರುತ್ತಾಳೆ.

ನಗ್ತೀರಾ? ನಗಿ. ಆ ರಿಜಿಸ್ಟರು ಖಾಸೀಂಬಿಯ ಟ್ರಂಕಿನಲ್ಲಿದೆ, ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಮೆಹನಾಜ ಬರೆದದ್ದು ಸಮಯ ಮಾತ್ರ. ಓದುಗರು ಸಹಿ ಹಾಕುವ ಜಾಗವನ್ನು ಅವಳು ಮುಟ್ಟಿಲ್ಲ. ಆದರೆ ಮೊದಲ ಸಾಲಿನಲ್ಲಿ, ಇಮಾಮಸಾಬ ಅನ್ನುವ ಹೆಸರಿನ ಮುಂದೆ, ನೀಲಿ ಶಾಯಿಯ ಒಂದು ಹೆಬ್ಬೆಟ್ಟಿದೆ. ಅರ್ಧ ಹೆಬ್ಬೆಟ್ಟು.