ಜೀಪಿನೊಳಗಿನ ಜೋಲಿ

ಚಿಂತಾಮಣಿಯಲ್ಲಿ ಬಸ್ಸಿಗೆ ಕಾಯುತ್ತಿದ್ದ ನರಸಿಂಹಪ್ಪನ ಕಿವಿ, ಪಕ್ಕದ ಜೀಪಿನ ಹಿಂದೆ ಡ್ರೈವರ್ ಚನ್ನಕೇಶವನೂ ಮೊಟ್ಟೆ ಮಾರುವ ಓಬಳಮ್ಮನೂ ಆಡುತ್ತಿದ್ದ ಮಾತಿನ ಮೇಲಿತ್ತು.

“ಸಿಡುಬಿನ ಲಸಿಕೆ ಸೀಸೆಗಳಮ್ಮ. ಪೆಟ್ಟಿಗೇಲಿಟ್ಟು ಹಗ್ಗ ಬಿಗಿದಿದ್ರೂ ನಿನ್ನೆ ಅಂಬಾಜಿದುರ್ಗದ ಕಲ್ಲುದಾರೀಲಿ ಅರ್ಧ ಒಡೆದೋದ್ವು.”

“ಬಿಗಿದಿದ್ದಕ್ಕೇ ಒಡೆದಿದ್ದು ಕಣಪ್ಪ.” ಓಬಳಮ್ಮ ಬುಟ್ಟಿಗೆ ಸುತ್ತಿದ್ದ ಹಳೇ ಸೀರೆ ಬಿಚ್ಚಿದಳು. “ಮೇಲಿನ ಕಂಬಿಗೆ ಜೋಲಿ ಕಟ್ಟಿ, ಪೆಟ್ಟಿಗೇನ ಅದ್ರಲ್ಲಿ ಮಲಗ್ಸು.”

“ಮೊದ್ಲು ಖಾಲಿ ಜೋಲೀಲಿ ಒಂದು ಸುತ್ತು ನೋಡ್ತೀನಿ.”

“ಅಯ್ಯೋ, ಖಾಲಿ ಜೋಲಿ ತೂಗಬಾರ್ದು! ಈ ಮೊಟ್ಟೆ ಹಾಕು.”

ಜೀಪು ಗುಂಡಿಗಳಲ್ಲಿ ಎದ್ದುಬಿದ್ದು ಮರಳಿತು. ಚನ್ನಕೇಶವ ಮೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಇಳಿದ.

“ಒಂದು ಬಿರುಕೂ ಇಲ್ಲಮ್ಮ! ಸೀರೆ ಸಾಯಂಕಾಲ ತಂದ್ಕೊಡ್ತೀನಿ.”

“ಇಟ್ಕೊಳಪ್ಪ. ಇದ್ರಲ್ಲಿ ಮಲಗ್ತಿದ್ದ ನನ್ನ ಮಗೂನ ಸಿಡುಬು ಎತ್ಕೊಂಡೋಯ್ತು.”

ಚನ್ನಕೇಶವ ಪೆಟ್ಟಿಗೆಯನ್ನು ಜೋಲಿಯಲ್ಲಿ ಮಲಗಿಸಿ, ಸದ್ದಾಗದಂತೆ ಜೀಪಿನ ಹಿಂಬಾಗಿಲು ಮುಚ್ಚಿ ಹೊರಟ.